ಆರು ಮಳೆಗಾಲ ಕಂಡ ಪರ್ಲೈಟ್ ಇನ್ಸುಲೇಶನ್: ನಮ್ಮ ಕಂಡೆನ್ಸೇಟ್ ಲೈನಿನ ಅನುಭವ

ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಒಂದು ಫುಡ್ ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. 2018ರ ಬೇಸಿಗೆ ಶಟ್‌ಡೌನಿನಲ್ಲಿ ಕಂಡೆನ್ಸೇಟ್ ಲೈನಿನ, ಅಂದರೆ ಸ್ಟೀಮ್ ತಣಿದು ಆದ ಬಿಸಿನೀರು ಹರಿಯುವ ಪೈಪಿನ, ಶಾಖ ಹಿಡಿದಿಡುವ ಹೊದಿಕೆ ಬದಲಾಯಿಸಿದೆ. ರಾಕ್‌ವೂಲ್ (ಕಲ್ಲು ಕರಗಿಸಿ ಎಳೆದ ಉಣ್ಣೆ) ತೆಗೆಸಿ, ಪರ್ಲೈಟಿನ (ಕಾಯಿಸಿ ಅರಳಿಸಿದ ಜ್ವಾಲಾಮುಖಿ ಕಲ್ಲು) ಪೈಪ್ ಸೆಕ್ಷನ್, ಅಂದರೆ ಪೈಪಿನ ಸುತ್ತ ಕೂರುವ ಅಚ್ಚುತುಂಡು, ಹಾಕಿಸಿದೆ. 2024ರ ಬೇಸಿಗೆಯಲ್ಲಿ ಮೂರು ಕಡೆ ಬಿಚ್ಚಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಬದಲಾಯಿಸಲು ಕಾರಣ ಇತ್ತು. 2017ರ ಮಳೆಗಾಲದಲ್ಲಿ ಪೈಪ್‌ರ‍್ಯಾಕಿನ ಕೆಳಗೆ ಕಂದು ನೀರು ತೊಟ್ಟಿಕ್ಕುತ್ತಿತ್ತು. ಮೇಲಿನ ಅಲ್ಯೂಮಿನಿಯಂ ಶೀಟು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಬಿಚ್ಚಿಸಿದರೆ ರಾಕ್‌ವೂಲ್ ಒದ್ದೆ ಗೋಣಿಚೀಲದ ಹಾಗೆ ಜೋತುಬಿತ್ತು. “ಸರ, ಹಪ್ಪಳ ಎದ್ದಂಗ ಎದ್ದೈತ್ರಿ” ಎಂದು ನಮ್ಮ ಫಿಟ್ಟರ್ ಉಗುರಿನಿಂದಲೇ ತುಕ್ಕಿನ ಪದರು ಕಿತ್ತು ತೋರಿಸಿದ. ಎರಡಿಂಚಿನ ಶೆಡ್ಯೂಲ್ 40 ಪೈಪು. ಹೊಸದಿದ್ದಾಗ ದಪ್ಪ 3.91 ಮಿ.ಮೀ. ಅಡಿಭಾಗಕ್ಕೆ ದಪ್ಪ ಅಳೆಯುವ ಮೀಟರ್ ಹಿಡಿದರೆ 1.6! ಅವತ್ತು ನನಗೆ ಊಟ ಸೇರಲಿಲ್ಲ.

ಆದರೂ ರಾಕ್‌ವೂಲ್ ಕೆಟ್ಟ ಮಾಲು ಎನ್ನಲಾರೆ. ನಮ್ಮ ಸ್ಟೀಮ್ ಮೇನ್ ಲೈನಿನ ಮೇಲೆ ಅದೇ ಇದೆ, ಚೆನ್ನಾಗಿದೆ. ಆ ಲೈನು 180 ಡಿಗ್ರಿ ದಾಟಿ ಹಗಲೂ ರಾತ್ರಿ ಓಡುವುದರಿಂದ ಒಳಹೊಕ್ಕ ನೀರು ಆವಿಯಾಗಿ ಹೋಗುತ್ತದೆ. ಕಂಡೆನ್ಸೇಟ್ 80–90 ಡಿಗ್ರಿ. ಭಾನುವಾರ ಆರುತ್ತದೆ, ಸೋಮವಾರ ಮತ್ತೆ ಕಾಯುತ್ತದೆ. ಧಾರವಾಡದ ಜಿಟಿಜಿಟಿ ಮಳೆಯ ನೀರು ಉಣ್ಣೆಯಲ್ಲಿ ನಿಂತು ಕಬ್ಬಿಣವನ್ನು ತಿನ್ನುವುದು ಇಂಥ ಬೆಚ್ಚಗಿನ ಲೈನಿನಲ್ಲೇ. ಕಾರ್ಬನ್ ಸ್ಟೀಲ್ ಪೈಪು 175 ಡಿಗ್ರಿಯೊಳಗೆ ಓಡುತ್ತಿದ್ದರೆ ಮೊದಲು ಈ ತುಕ್ಕಿನ ಬಗ್ಗೆ ಯೋಚಿಸಿ.

ಪರ್ಲೈಟ್ ಗಟ್ಟಿ ಮಾಲು, ನೀರು ಹೀರದಂತೆ ಮಾಡಿದ್ದು. ಹುಡುಗರು ಪೈಪಿನ ಮೇಲೆ ಕಾಲಿಟ್ಟು ಹತ್ತಿದರೂ ಶೀಟು ತಗ್ಗಲಿಲ್ಲ, ಜೋಡಣೆ ಬಾಯಿ ಬಿಡಲಿಲ್ಲ. ಬಿಚ್ಚಿ ನೋಡಿದ ಮೂರು ಕಡೆಗಳಲ್ಲಿ, ಬೆಂಡಿನಲ್ಲೂ ನೇರ ಪೈಪಿನಲ್ಲೂ ಹೊದಿಕೆಯಡಿ ಪೈಪಿಗೆ ಬಳಿದ ಬಣ್ಣ ಹಾಕಿದಂತೆಯೇ ಇತ್ತು. ವಾಲ್ವಿನ ಪಕ್ಕದಲ್ಲಿ ಮಾತ್ರ ಶೀಟಿನ ಸಂದು ಮುಚ್ಚುವ ಸೀಲೆಂಟ್ ಬಿರಿದು ನೀರು ಇಳಿದು, ರೂಪಾಯಿಯಗಲ ತುಕ್ಕು ಎದ್ದಿತ್ತು. ಉಜ್ಜಿ ತೆಗೆದು ಅಳೆದೆವು, ಪೈಪಿಗೆ ಪೆಟ್ಟಾಗಿರಲಿಲ್ಲ. ಅಲ್ಲಿ ಪೈಪು ಉಳಿದದ್ದು ಬಣ್ಣದಿಂದ. ಮಾಮೂಲಿ ರೆಡ್ ಆಕ್ಸೈಡ್ ಬಳಿದು ಕೈತೊಳೆದುಕೊಳ್ಳದೆ, ಬ್ಲಾಸ್ಟಿಂಗ್ (ಕಣಗಳನ್ನು ರಭಸದಿಂದ ಹೊಡೆದು ತುಕ್ಕು ತೆಗೆಯುವುದು) ಮಾಡಿಸಿ, ಬಿಸಿನೀರು ತಡೆಯುವ ಎಪಾಕ್ಸಿ ಫಿನಾಲಿಕ್ ಬಣ್ಣ ಎರಡು ಕೋಟ್ ಹೊಡೆಸಿದ್ದೆವು. ಕಂಟ್ರಾಕ್ಟರ್ ಬೇಡವೆಂದರೂ ಈ ಖರ್ಚು ಬಿಡಬೇಡಿ.

ಕೊರತೆಗಳೂ ಇವೆ. ಲಾರಿಯಿಂದ ಇಳಿಸುವಾಗಲೇ ಹಲವು ತುಂಡು ಮುರಿದವು, ಕತ್ತರಿಸುವಾಗ ಧೂಳೋ ಧೂಳು. ಮಾಸ್ಕ್ ಬೇಕೇ ಬೇಕು. ಶಾಖ ತಡೆಯುವುದರಲ್ಲಿ ರಾಕ್‌ವೂಲಿಗಿಂತ ಸ್ವಲ್ಪ ಹಿಂದೆ, ಹಾಗಾಗಿ ದಪ್ಪ ಹೆಚ್ಚು ಬೇಕು. ನಮಗೆ ಬಂದ ಕೊಟೇಶನ್ನು ರಾಕ್‌ವೂಲಿನ ಒಂದೂವರೆ ಪಟ್ಟು ಇತ್ತು. ತುಂಬ ಬಿಸಿ ಲೈನಿಗೆ ಹಾಕಿದರೆ ನೀರು ತಡೆಯುವ ಗುಣ ಕುಗ್ಗುತ್ತದೆ, ಅಲ್ಲಿಗೆ ದುಡ್ಡು ಸುರಿಯಬೇಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮುಂದಿನ ಶಟ್‌ಡೌನಿನಲ್ಲಿ ಬಿಸಿನೀರಿನ ಲೈನಿಗೂ ಇದನ್ನೇ ಹಾಕಿಸುತ್ತೇನೆ. ಈ ಸಲ ವಾಲ್ವ್‌ಗಳಿಗೆ ಬಿಚ್ಚಿ ಹಾಕುವ ಪೆಟ್ಟಿಗೆ, ಶೀಟಿನ ತಗ್ಗು ಜಾಗದಲ್ಲಿ ನೀರು ಇಳಿಯಲು ತೂತು, ಎರಡನ್ನೂ ಆರ್ಡರಿನಲ್ಲೇ ಬರೆಸಿದ್ದೇನೆ.