ವಿಂಡೋಸ್ 11ರ ರಿಕವರಿ ಮೋಡ್: ಒಳಗೆ ಸರಕಿದೆ, ಬಾಗಿಲದ್ದೇ ಕಿರಿಕಿರಿ

ವಿಂಡೋಸ್ ಏಳದೆ ಮಲಗಿದಾಗ ‘ಟ್ರಬಲ್‌ಶೂಟ್’ ಗುಂಡಿ ಹೊತ್ತು ಬರಬೇಕಾದ ಪರದೆಯೇ ರಿಕವರಿ ಮೋಡ್. ಬಂದರೆ ದೂರುವಂಥದ್ದು ಹೆಚ್ಚಿಲ್ಲ. ಈಚಿನ ಅಪ್‌ಡೇಟ್ ತೆಗೆದುಹಾಕುವ ಆಯ್ಕೆ ಹೇಳಿದ ಕೆಲಸ ಮಾಡುತ್ತದೆ, ಹಳೆಯ ರಿಸ್ಟೋರ್ ಪಾಯಿಂಟ್ (ಯಂತ್ರದ ಹಿಂದಿನ ಸ್ಥಿತಿಯ ಪ್ರತಿ) ಉಳಿದಿದ್ದರೆ ಸಿಸ್ಟಂ ರಿಸ್ಟೋರ್ ಕೂಡ ನಂಬಬಹುದಾದದ್ದೇ. ಆಜ್ಞೆಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ಅಂತೂ ಇಡೀ ಮೆನುವಿನ ಜೀವ. ಸ್ಟಾರ್ಟಪ್ ರಿಪೇರ್ ಮಾತ್ರ ಬಹಳ ಸಲ ಸುತ್ತಿ ಸುತ್ತಿ ಕೈಚೆಲ್ಲುತ್ತದೆ. ಆದರೆ ದೊಡ್ಡ ದೂರು ಬೇರೆಯೇ: ಕಷ್ಟಕಾಲಕ್ಕೆಂದು ಇಟ್ಟ ಈ ಸೌಲಭ್ಯ ತಾನೇ ಕೆಟ್ಟು ಕೂತಿದ್ದರೂ, ಮೊದಲೇ ಅದನ್ನು ಹೇಳುವುದಿಲ್ಲ.

ಒಳಹೋಗುವ ದಾರಿಗಳು ಕಾಗದದ ಮೇಲೆ ಹಲವು. ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡುವುದು, ಇಲ್ಲವೇ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ರಿಕವರಿ, ಅಡ್ವಾನ್ಸ್ಡ್ ಸ್ಟಾರ್ಟಪ್ ಎಂದು ಒಂದೊಂದಾಗಿ ಒಳಹೋಗುವುದು. ಎರಡಕ್ಕೂ ವಿಂಡೋಸ್ ಲಾಗಿನ್ ಪರದೆಯವರೆಗಾದರೂ ಬಂದಿರಬೇಕು. ಅಷ್ಟೂ ಬರದಿದ್ದರೆ ಉಳಿಯುವುದು ಒರಟು ದಾರಿ: ಲೋಗೋ ಕೆಳಗೆ ಚುಕ್ಕಿಗಳು ಸುತ್ತತೊಡಗಿದಾಗ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು ಆರಿಸಬೇಕು. ಹೀಗೆ ಎರಡು ಸಲ ಮಾಡಿದರೆ ಮೂರನೆಯ ಸಲ ‘ಆಟೊಮ್ಯಾಟಿಕ್ ರಿಪೇರ್’ ಬರಬೇಕು. ಅಪ್‌ಡೇಟ್ ಶೇಕಡಾವಾರು ಓಡುತ್ತಿರುವಾಗ ಮಾತ್ರ ಈ ಸಾಹಸ ಬೇಡ. ಎಫ್ 8 ಕುಟ್ಟುತ್ತಾ ಕೂರುವುದೂ ದಂಡ. ವಿಂಡೋಸ್ 8ರಿಂದೀಚೆಗೆ ಆ ಕೀಲಿ ಡಿಫಾಲ್ಟ್ ಆಗಿ ಸುಮ್ಮನಿದೆ. ಇನ್ನು ಬಯೋಸ್ (ವಿಂಡೋಸ್‌ಗೂ ಮೊದಲು ಏಳುವ ಯಂತ್ರದ ತಂತ್ರಾಂಶ) ಲೋಗೋದಲ್ಲೇ ಯಂತ್ರ ನಿಂತುಬಿಟ್ಟಿದ್ದರೆ ಎಷ್ಟು ಸಲ ಆರಿಸಿದರೂ ಪ್ರಯೋಜನವಿಲ್ಲ. ವಿಫಲವಾದ ಬೂಟ್‌ಗಳನ್ನು ಎಣಿಸುವುದು ವಿಂಡೋಸ್‌ನ ಬೂಟ್ ವ್ಯವಸ್ಥೆ, ಅದರ ಸರದಿಯೇ ಬಂದಿರುವುದಿಲ್ಲ.

ಎಣಿಕೆ ಮುಗಿದರೂ ರಿಕವರಿ ಬಾರದೆ ಮತ್ತೆ ಕಪ್ಪು ಪರದೆಗೆ ಬಿದ್ದರೆ, ಅನುಮಾನಿಸಬೇಕಾದ್ದು ವಿನ್‌ಆರ್‌ಇ.ವಿಮ್ ಎಂಬ ಒಂದೇ ಫೈಲನ್ನು. ರಿಕವರಿ ಮೋಡ್ ಎಂದರೆ ಅರ್ಧ ಜಿಬಿ ಆಸುಪಾಸಿನ ಈ ಫೈಲೊಳಗೆ ಮಡಿಚಿಟ್ಟ ಪುಟ್ಟ ವಿಂಡೋಸ್. ಬೂಟ್ ಆಗುವಾಗ ರ‍್ಯಾಮ್‌ಗೆ ಬಿಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಅದಿರುವುದು ಡಿಸ್ಕ್‌ನ ಕೊನೆಯಲ್ಲಿ ಬೇರೆಯಾಗಿಟ್ಟ ಭಾಗವಾದ ರಿಕವರಿ ಪಾರ್ಟಿಷನ್‌ನಲ್ಲಿ. ಯಂತ್ರ ಚೆನ್ನಾಗಿರುವಾಗ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ರೀಏಜೆಂಟ್‌ಸಿ /ಇನ್ಫೋ (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ) ಕೊಟ್ಟರೆ ಎರಡು ಸಾಲು ಗಮನಿಸಬೇಕು. ಸ್ಟೇಟಸ್ ಮುಂದೆ ‘ಎನೇಬಲ್ಡ್’ ಎಂದಿರಬೇಕು, ಲೊಕೇಷನ್ ಮುಂದೆ ಹಾರ್ಡ್‌ಡಿಸ್ಕ್0, ಪಾರ್ಟಿಷನ್4 ಎಂಬಂಥ ವಿಳಾಸವಿರಬೇಕು. ‘ಡಿಸೇಬಲ್ಡ್’ ಎಂದು, ವಿಳಾಸದ ಜಾಗ ಖಾಲಿ ಇದ್ದರೆ ಬಾಗಿಲೇ ಇಲ್ಲ ಎಂದರ್ಥ. ಅದೇ ಕಮಾಂಡ್‌ಗೆ /ಎನೇಬಲ್ ಕೊಟ್ಟು ನೋಡಿ. ಇಮೇಜ್ ಸಿಗಲಿಲ್ಲ ಎಂದು ಗೊಣಗಿದರೆ, ನಿಮ್ಮದೇ ಆವೃತ್ತಿಯ ಐಎಸ್‌ಒ (ವಿಂಡೋಸ್ ಇನ್‌ಸ್ಟಾಲ್ ಮಾಡುವ ಡಿಸ್ಕ್‌ನ ಫೈಲ್) ಇಳಿಸಿಕೊಂಡು, ಅದರ ಸೋರ್ಸಸ್ ಫೋಲ್ಡರಿನ ಇನ್‌ಸ್ಟಾಲ್.ವಿಮ್ ಅನ್ನು 7-ಜಿಪ್‌ನಲ್ಲಿ ತೆರೆದು, ವಿಂಡೋಸ್‌ ಒಳಗಿನ ಸಿಸ್ಟಂ32ರೊಳಗಿನ ರಿಕವರಿ ಫೋಲ್ಡರಿನಿಂದ ವಿನ್‌ಆರ್‌ಇ.ವಿಮ್ ಎತ್ತಿಕೊಳ್ಳಿ, ಸಿ ಡ್ರೈವ್‌ನ ಅದೇ ದಾರಿಯಲ್ಲಿರುವ ರಿಕವರಿ ಫೋಲ್ಡರಿಗೆ ಹಾಕಿ ಮತ್ತೆ ಎನೇಬಲ್ ಮಾಡಿ. ಆಗಲೂ ಹಟ ಹಿಡಿದರೆ ಅಲ್ಲೇ ಇರುವ ರೀಏಜೆಂಟ್.ಎಕ್ಸ್‌ಎಂಎಲ್ ಫೈಲಿನ ಹೆಸರು ಬದಲಿಸಿ ಇನ್ನೊಮ್ಮೆ ಪ್ರಯತ್ನಿಸಿ. ಹಳೆಯ ಪಾರ್ಟಿಷನ್ ವಿಳಾಸ ಕೂತಿರುವುದು ಅದರೊಳಗೇ.

ಪಾರ್ಟಿಷನ್ ಅಳತೆಯ ವಿಷಯದಲ್ಲಿ ಮೈಕ್ರೋಸಾಫ್ಟ್ ನಡೆದುಕೊಂಡ ರೀತಿಗೆ ಅಂಕ ಕಳೆಯಲೇಬೇಕು. 2024ರ ಜನವರಿಯ ಭದ್ರತಾ ಅಪ್‌ಡೇಟ್‌ಗೆ ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ಇಲ್ಲದವರಿಗೆ ಸಿಕ್ಕಿದ್ದು 0x80070643 ಎಂಬ ಸಂಖ್ಯೆ. ಜಾಗ ಸಾಲದು ಎಂಬ ಒಂದು ಮಾತಿಲ್ಲ. ಪರಿಹಾರ ಬಳಕೆದಾರರ ತಲೆಗೇ: ಸಿ ಡ್ರೈವನ್ನು 250 ಎಂಬಿ ಕುಗ್ಗಿಸಿ, ರಿಕವರಿ ಪಾರ್ಟಿಷನ್ ಅಳಿಸಿ, ದೊಡ್ಡದಾಗಿ ಮತ್ತೆ ಕಟ್ಟುವುದು. ಇದಕ್ಕೆ ಕೈಹಾಕುವವರು ಮೊದಲು ರೀಏಜೆಂಟ್‌ಸಿ /ಡಿಸೇಬಲ್ ಕೊಡಲೇಬೇಕು. ಆಗಷ್ಟೇ ವಿನ್‌ಆರ್‌ಇ.ವಿಮ್ ಫೈಲ್ ಸಿ ಡ್ರೈವ್‌ಗೆ ಬಂದು ಕೂರುತ್ತದೆ. ಮರೆತು ಡಿಸ್ಕ್‌ಪಾರ್ಟ್‌ನಲ್ಲಿ (ಡಿಸ್ಕ್ ಭಾಗಗಳನ್ನು ತಿದ್ದುವ ಕಮಾಂಡ್) ಅಳಿಸಿದರೆ ಪಾರ್ಟಿಷನ್ ಜೊತೆ ಫೈಲೂ ಹೋಯಿತು.

2025ರ ಅಕ್ಟೋಬರ್‌ನಲ್ಲಂತೂ ಬಾಗಿಲು ತೆರೆದರೂ ಕೈ ಕಟ್ಟಿಹಾಕಿದಂತಾಗಿತ್ತು. 14ರಂದು ಬಂದ ಅಪ್‌ಡೇಟ್ ರಿಕವರಿಯೊಳಗೆ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡನ್ನೂ ನಿಷ್ಕ್ರಿಯ ಮಾಡಿತು. ವಿಂಡೋಸ್‌ನಲ್ಲಿ ಅವೇ ಸಾಧನಗಳು ಸರಾಗವಾಗಿ ಓಡುತ್ತಿದ್ದವು. ತಿದ್ದುಪಡಿ ಬಂದದ್ದು 20ರಂದು. ರಿಕವರಿಗೆ ಅದರದೇ ಡ್ರೈವರ್‌ಗಳಿರುವುದರಿಂದ ಹೊರಗೆ ಸರಿಯಿದ್ದದ್ದು ಒಳಗೂ ಸರಿಯಿರಬೇಕೆಂದಿಲ್ಲ. ಬ್ಲೂಟೂತ್ ಕೀಬೋರ್ಡ್ ನೆಚ್ಚಿಕೊಂಡವರು ತಂತಿಯದ್ದೊಂದು ಹತ್ತಿರ ಇಟ್ಟುಕೊಳ್ಳಲಿ.

ಹಾಗಾದರೆ ನೆಚ್ಚುವುದು ಯಾವುದನ್ನು? ಇನ್ನೊಂದು ಕಂಪ್ಯೂಟರಿನಲ್ಲಿ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಮಾಡಿದ 8 ಜಿಬಿಯ ಇನ್‌ಸ್ಟಾಲ್ ಪೆನ್‌ಡ್ರೈವನ್ನು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್ 12, ಎಚ್‌ಪಿಯಲ್ಲಿ ಎಫ್ 9 ಒತ್ತಿ ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಬದಲು ರಿಪೇರ್ ಆರಿಸಿದರೆ ಅದೇ ಟ್ರಬಲ್‌ಶೂಟ್ ಮೆನು ಸಿಗುತ್ತದೆ. ಒಳಗಿನದು ಸತ್ತಿದ್ದರೂ ಇದು ಓಡುತ್ತದೆ. ಇದಕ್ಕೂ ಎರಡು ಕೊಕ್ಕೆ ಇವೆ. 11ನೇ ತಲೆಮಾರಿನ ಇಂಟೆಲ್‌ನಿಂದ ಮುಂದಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ (ಡಿಸ್ಕ್‌ಗಳನ್ನು ನಿಭಾಯಿಸುವ ಇಂಟೆಲ್‌ ವ್ಯವಸ್ಥೆ) ಆನ್ ಇದ್ದರೆ ಎಸ್‌ಎಸ್‌ಡಿಯೇ ಕಾಣುವುದಿಲ್ಲ. ಡಿಸ್ಕ್ ಸತ್ತಿತೆಂದು ಗಾಬರಿ ಬೇಡ, ತಯಾರಕರ ಆರ್‌ಎಸ್‌ಟಿ ಎಂಬ ಇಂಟೆಲ್ ಡಿಸ್ಕ್ ಡ್ರೈವರನ್ನು ಬಿಚ್ಚಿ ಅದೇ ಪೆನ್‌ಡ್ರೈವ್‌ಗೆ ಹಾಕಿ ಡಿಆರ್‌ವಿಲೋಡ್ ಕಮಾಂಡ್‌ನಿಂದ ಹೇರಬೇಕು. ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡುವ ಉಪಾಯಕ್ಕೆ ಹೋದರೆ ಇದ್ದ ವಿಂಡೋಸ್ ಬೂಟ್ ಆಗದೆ ಎರಡನೇ ಸಮಸ್ಯೆ ತಗುಲಿಕೊಳ್ಳಬಹುದು. ಇನ್ನೊಂದು, ಡ್ರೈವ್‌ಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್: ಅದು ಆನ್ ಇದ್ದರೆ 48 ಅಂಕಿಯ ಕೀ ಇಲ್ಲದೆ ಡ್ರೈವ್ ತೆರೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿದೆಯೇ ಎಂದು ಫೋನಿನಲ್ಲೇ ನೋಡಬಹುದು.

ಕಮಾಂಡ್ ಪ್ರಾಂಪ್ಟ್ ಸಿಕ್ಕಿದ ಮೇಲೆ ಬೂಟ್ ಸರಿಪಡಿಸಲು ಬೂಟ್‌ರೆಕ್ /ಫಿಕ್ಸ್‌ಬೂಟ್ ಎಂದು ಒದ್ದಾಡುವವರೇ ಹೆಚ್ಚು. ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಯಂತ್ರಗಳಲ್ಲಿ ಅದು ಆಗಾಗ ‘ಆ್ಯಕ್ಸೆಸ್ ಈಸ್ ಡಿನೈಡ್’ ಎನ್ನುತ್ತದೆ. ಡಿಸ್ಕ್‌ಪಾರ್ಟ್‌ನಲ್ಲಿ ಫ್ಯಾಟ್32 ಮಾದರಿಯ, ಬೂಟ್ ಫೈಲುಗಳಿರುವ ಚಿಕ್ಕ ಇಎಫ್‌ಐ ಪಾರ್ಟಿಷನ್‌ಗೆ ಎಸ್ ಎಂಬ ಅಕ್ಷರ ಕೊಟ್ಟು, ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ ಕೊಟ್ಟರೆ ಬೂಟ್ ಫೈಲುಗಳು ಹೊಸದಾಗಿ ಬರೆಯಲ್ಪಡುತ್ತವೆ. ಅದಕ್ಕೂ ಮೊದಲು ವಿಂಡೋಸ್ ಯಾವ ಅಕ್ಷರದಲ್ಲಿದೆ ಎಂದು ಫೋಲ್ಡರ್ ಪಟ್ಟಿ ತೋರಿಸುವ ಡಿಐಆರ್ ಕೊಟ್ಟು ಖಚಿತಪಡಿಸಿಕೊಳ್ಳಿ. ರಿಕವರಿಯೊಳಗೆ ಸಿ ಹೋಗಿ ಡಿ ಆಗಿರುವುದು ಮಾಮೂಲು, ಎಕ್ಸ್ ಎಂದು ಕಾಣುವುದು ರ‍್ಯಾಮ್‌ನಲ್ಲಿರುವ ರಿಕವರಿಯೇ.

ಐದಕ್ಕೆ ಅಂಕ ಕೊಡುವುದಾದರೆ ಒಳಗಿನ ಸರಕಿಗೆ ನಾಲ್ಕು, ಬಾಗಿಲಿಗೆ ಎರಡು, ಪೆನ್‌ಡ್ರೈವ್‌ಗೆ ನಾಲ್ಕೂವರೆ. ಹಳೆಯ ಡಿಸ್ಕನ್ನು ಹೊಸ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದವರು ಮೊದಲ ಬೂಟ್ ಆದ ಕೂಡಲೇ ರೀಏಜೆಂಟ್‌ಸಿ /ಇನ್ಫೋ ಓಡಿಸಿ ನೋಡಿ. ಪಾರ್ಟಿಷನ್ ಜಾಗ ಬದಲಾಗಿ ಸ್ಟೇಟಸ್ ಡಿಸೇಬಲ್ಡ್ ಆಗಿ ಹೋಗುವುದು ಹೆಚ್ಚಾಗಿ ಅಲ್ಲೇ.