ಕನ್ನಡ ಲೇಖನಕ್ಕೆ ಯಾವ ಹೆಡ್‌ಲೆಸ್ ಸಿಎಂಎಸ್? ನಾಲ್ಕರ ಹೋಲಿಕೆ

ಬರಹಗಳನ್ನು ಸಂಗ್ರಹಿಸಿ ಕೊಟ್ಟು, ಪುಟದ ರೂಪವನ್ನು ನಮಗೇ ಬಿಡುವ ತಂತ್ರಾಂಶ ಹೆಡ್‌ಲೆಸ್ ಸಿಎಂಎಸ್. ಅದನ್ನು ಆರಿಸುವಾಗ ಹೆಚ್ಚಿನವರು ಬರೆಯುವವರ ಪರದೆ ಹೇಗಿದೆ, ತಿಂಗಳ ಶುಲ್ಕ ಎಷ್ಟು ಎಂದು ವಿಚಾರಿಸುತ್ತಾರೆ. ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಎಪಿಐ (ತಂತ್ರಾಂಶಗಳು ಪರಸ್ಪರ ಮಾಹಿತಿ ಕೇಳಿ ಪಡೆಯುವ ದಾರಿ) ಮೂಲಕ ಲೇಖನದ ಒಡಲು ಯಾವ ರೂಪದಲ್ಲಿ ನಮ್ಮ ಕೈಸೇರುತ್ತದೆ? ಬ್ರೌಸರ್ ನೇರವಾಗಿ ತೋರಿಸಬಲ್ಲ ಸಿದ್ಧ ಎಚ್‌ಟಿಎಂಎಲ್ ಆಗಿಯೋ, ನಕ್ಷತ್ರದಂಥ ಸರಳ ಗುರುತುಗಳಿರುವ ಮಾರ್ಕ್‌ಡೌನ್ ಪಠ್ಯವಾಗಿಯೋ, ತುಣುಕುಗಳಾಗಿ ವಿಂಗಡಿಸಿದ ಜೆಸಾನ್ ದತ್ತಾಂಶವಾಗಿಯೋ? ಪುಟ ಕಟ್ಟುವವರ ಮುಂದಿನ ಕೆಲಸವೆಲ್ಲ ಇದರ ಮೇಲೆ ನಿಂತಿದೆ.

ಕನ್ನಡ ಸಾಹಿತ್ಯದ ತಾಣವೊಂದಕ್ಕಾಗಿ ವರ್ಡ್‌ಪ್ರೆಸ್, ಸ್ಟ್ರಾಪಿ, ಕಂಟೆಂಟ್‌ಫುಲ್ ಮತ್ತು ಸ್ಯಾನಿಟಿಗಳಲ್ಲಿ ಒಂದೇ ಲೇಖನವನ್ನು ಇಟ್ಟು, ಪುಟ ಕಟ್ಟುವ ಸಾಧನವಾದ ನೆಕ್ಸ್ಟ್ ಜೆಎಸ್‌ನಲ್ಲಿ ಪುಟವಾಗಿಸಿ ನೋಡಿದೆ. ಲೇಖನದಲ್ಲಿ ಬೇಕೆಂದೇ ತೊಡಕಿನ ವಸ್ತುಗಳಿದ್ದವು: ಸಾಲು ಕದಲಬಾರದ ಒಂದು ವಚನ, ಅಡಿಬರಹವಿರುವ ಚಿತ್ರ, ಹಳಗನ್ನಡ ಪದಗಳಿಗೆ ಅರ್ಥ, ಇನ್ನೊಂದು ಲೇಖನಕ್ಕೆ ಕೊಂಡಿ.

ವರ್ಡ್‌ಪ್ರೆಸ್‌ನಲ್ಲಿ ಕೆಲಸ ಎಲ್ಲಕ್ಕಿಂತ ಬೇಗ ಮುಗಿಯಿತು. 2016ರ ಡಿಸೆಂಬರ್‌ನಲ್ಲಿ ಬಂದ 4.7ನೇ ಆವೃತ್ತಿಯಿಂದ ಲೇಖನಗಳನ್ನು ರೆಸ್ಟ್ ಎಂಬ ಬಗೆಯ ಎಪಿಐ ಮೂಲಕ ಪಡೆಯುವ ಸೌಲಭ್ಯ ಅದರ ಮೂಲದಲ್ಲೇ ಇದೆ. ಒಡಲು ಸಿದ್ಧ ಎಚ್‌ಟಿಎಂಎಲ್ ಆಗಿ ಬರುತ್ತದೆ. ಪದ್ಯಕ್ಕೆಂದೇ ‘ವರ್ಸ್’ ಬ್ಲಾಕ್ ಇರುವುದರಿಂದ ವಚನದ ಸಾಲುಗಳು ಇದ್ದಲ್ಲೇ ಉಳಿದವು. ತೊಡಕು ಅನಂತರದ್ದು. ಒಡಲಿನೊಳಗಿನ ಕೊಂಡಿಗಳು ಹಿಂಬದಿಯ ವರ್ಡ್‌ಪ್ರೆಸ್ ವಿಳಾಸಕ್ಕೇ ಹೋಗುತ್ತವೆ, ಬ್ಲಾಕ್‌ಗಳ ಶೈಲಿ ಜೊತೆಗೆ ಬರುವುದಿಲ್ಲ, ಚಿತ್ರಗಳನ್ನು ನೆಕ್ಸ್ಟ್‌ನಲ್ಲಿ ಚಿತ್ರ ತೋರಿಸುವ ಸಿದ್ಧ ಭಾಗಕ್ಕೆ (ಕಾಂಪೊನೆಂಟ್‌ಗೆ) ಒಪ್ಪಿಸಬೇಕಾದರೆ ಎಚ್‌ಟಿಎಂಎಲ್ ಅನ್ನು ಮತ್ತೆ ಬಿಡಿಸಬೇಕು. ಹಲವರು ಬರೆಯುವ ತಾಣವಾದರೆ ಅಪಾಯಕಾರಿ ಕೋಡನ್ನು ಸೋಸುವ ಡಾಮ್‌ಪ್ಯೂರಿಫೈನಂಥ ಲೈಬ್ರರಿಯೂ ಬೇಕು.

ಕನ್ನಡಿಗರು ಗಮನಿಸಲೇಬೇಕಾದ ಇನ್ನೊಂದು ವಿಷಯ ಪುಟದ ವಿಳಾಸ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತ ಪಠ್ಯವನ್ನು ಉಳಿಸುವ ಕ್ರಮವಾದ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುತ್ತದೆ. ವಿಳಾಸಕ್ಕಾಗಿ ಶೇಕಡಾ ಚಿಹ್ನೆಯ ರೂಪ ತಾಳಿದಾಗ ಅದು 9 ಅಕ್ಷರವಾಗುತ್ತದೆ. ವರ್ಡ್‌ಪ್ರೆಸ್ ಆ ವಿಳಾಸಭಾಗಕ್ಕೆ ಇಟ್ಟಿರುವ ಜಾಗ 200 ಅಕ್ಷರ. ಕಾಗುಣಿತದ ಚಿಹ್ನೆ, ವಿರಾಮ (ವ್ಯಂಜನಕ್ಕೆ ಸ್ವರವಿಲ್ಲವೆಂದು ತೋರುವ ‘್’ ಗುರುತು) ಎಲ್ಲವೂ ಪ್ರತ್ಯೇಕ ಸಂಕೇತಗಳಾದ್ದರಿಂದ ‘ಹನ್ನೆರಡನೆಯ ಶತಮಾನದ ವಚನಕಾರರು’ ಎಂಬ ಶೀರ್ಷಿಕೆ ‘ವಚನಕಾರ’ ಎಂಬಲ್ಲಿಗೆ ನಿಂತು, ಕೊನೆಯ ‘ರು’ ಬಿದ್ದುಹೋಗುತ್ತದೆ. ಹೀಗಾಗಿ ವಿಳಾಸವನ್ನು ರೋಮನ್ ಲಿಪಿಯಲ್ಲಿ ಕೈಯಾರೆ ಕೊಡುವುದೇ ವಾಸಿ.

ಸ್ಟ್ರಾಪಿ ಮುಕ್ತ ತಂತ್ರಾಂಶ. ನಮ್ಮದೇ ಸರ್ವರ್‌ನಲ್ಲಿ, ನಮ್ಮದೇ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳಬಹುದು. ಇದು ನನಗೆ ಬಹಳ ಹಿಡಿಸಿದ ಗುಣ. ಅದರಲ್ಲಿ ಈಗ ಬ್ಲಾಕ್ ಮಾದರಿಯ ಪಠ್ಯವೂ ಇದೆ, ಆದರೆ ನಾನು ಪರೀಕ್ಷಿಸಿದ್ದು ಅದರ ಮಾರ್ಕ್‌ಡೌನ್ ಕ್ಷೇತ್ರವನ್ನು. ಮಾರ್ಕ್‌ಡೌನ್‌ನಲ್ಲಿ ಒಂಟಿ ಸಾಲುಮುರಿತಕ್ಕೆ ಬೆಲೆಯಿಲ್ಲ, ಅದು ಖಾಲಿ ಜಾಗವಾಗಿ ಕರಗುತ್ತದೆ. ವಚನ ಗದ್ಯದಂತೆ ಒಂದೇ ಉಸಿರಿನಲ್ಲಿ ಹರಿಯಿತು. ರಿಮಾರ್ಕ್-ಬ್ರೇಕ್ಸ್ ಎಂಬ ಪ್ಲಗಿನ್ ಸೇರಿಸಿದರೆ ಇದು ಸರಿಹೋಗುತ್ತದೆ.

ಅದಕ್ಕಿಂತ ಕಾಡುವುದು ದಪ್ಪಕ್ಷರದ ಸಮಸ್ಯೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಉದ್ಧರಣ ಚಿಹ್ನೆಯೊಳಗಿನ ‘ವಚನ’ ಎಂಬ ಪದವನ್ನು, ಆ ಚಿಹ್ನೆಗಳ ಸಮೇತ, ಎರಡೆರಡು ನಕ್ಷತ್ರಗಳ ನಡುವೆ ಇಟ್ಟು ಹಿಂದೆಯೇ ‘ದಲ್ಲಿ’ ಎಂದು ಬರೆಯಿರಿ. ಮಾರ್ಕ್‌ಡೌನ್‌ನ ಪ್ರಮಾಣಿತ ರೂಪವಾದ ಕಾಮನ್‌ಮಾರ್ಕ್‌ನ ನಿಯಮದ ಪ್ರಕಾರ ಮುಕ್ತಾಯದ ನಕ್ಷತ್ರಗಳಿಗಿಂತ ಮೊದಲು ಲೇಖನ ಚಿಹ್ನೆಯಿದ್ದು ನಂತರ ಅಕ್ಷರ ಬಂದರೆ ಅದು ಮುಕ್ತಾಯವೇ ಅಲ್ಲ. ಓದುಗರಿಗೆ ದಪ್ಪಕ್ಷರದ ಬದಲು ನಕ್ಷತ್ರಗಳೇ ಕಾಣುತ್ತವೆ. ವಿಭಕ್ತಿ ಪ್ರತ್ಯಯದ ಬದಲು ಬಿಡಿ ಪದಗಳನ್ನು ಬಳಸುವ ಇಂಗ್ಲಿಷ್‌ನಂಥ ಭಾಷೆಗೆ ಹೊಲಿದ ಅಂಗಿ ಇದು. ಉದ್ಧರಣ ಚಿಹ್ನೆಯನ್ನು ನಕ್ಷತ್ರಗಳ ಹೊರಗಿಡುವುದು ಪರಿಹಾರ, ಆದರೆ ಅದನ್ನು ಪ್ರತಿ ಲೇಖಕರಿಗೂ ಹೇಳಿಕೊಡುವುದು ನ್ಯಾಯವಲ್ಲ.

ಕಂಟೆಂಟ್‌ಫುಲ್‌ನ ರಿಚ್ ಟೆಕ್ಸ್ಟ್ ಜೆಸಾನ್ ಮರವಾಗಿ ಬರುತ್ತದೆ. ಪ್ಯಾರಾ, ಶೀರ್ಷಿಕೆ, ಚಿತ್ರ ಯಾವುದು ಹೇಗೆ ಕಾಣಬೇಕೆಂದು ಅದರ ರಿಯಾಕ್ಟ್ (ನೆಕ್ಸ್ಟ್‌ನ ತಳಹದಿ) ಲೈಬ್ರರಿಗೆ ನಾವೇ ಹೇಳುತ್ತೇವೆ, ಹಾಗಾಗಿ ಚಿತ್ರ ಮತ್ತು ಕೊಂಡಿಗಳ ಗೋಜು ಇಲ್ಲಿಲ್ಲ. ವಚನದ ಸಾಲುಮುರಿತ ಪಠ್ಯದೊಳಗೆ ಸುರಕ್ಷಿತವಾಗಿರುತ್ತದೆ, ಆದರೆ ಪರದೆಯಲ್ಲಿ ಕಾಣಲು ಸಣ್ಣದೊಂದು ಫಂಕ್ಷನ್ ಬರೆಯಬೇಕು. ಬೇಕಾದ ವಿವರಗಳನ್ನಷ್ಟೇ ಕೇಳಿ ಪಡೆಯುವ ಗ್ರಾಫ್‌ಕ್ಯುಎಲ್ ಬಳಸಿದರೆ ಮರ ಒಂದು ಕಡೆ, ಅದರೊಳಗಿನ ಚಿತ್ರಗಳ ವಿವರ ಇನ್ನೊಂದು ಕಡೆ ಬರುತ್ತದೆ; ಎರಡನ್ನೂ ಹೊಂದಿಸುವುದು ನಮ್ಮ ಪಾಲು. ಅರ್ಥ ಬೇಕಾದ ಪದಕ್ಕೆ ನಮ್ಮದೇ ಗುರುತನ್ನು ಸೇರಿಸುವ ದಾರಿ ಇಲ್ಲದ್ದರಿಂದ ಪ್ರತಿ ಪದವೂ ಒಂದು ಸ್ವತಂತ್ರ ನಮೂದಾಗಬೇಕು. ಪದಕೋಶ ಕಟ್ಟುವವರಿಗೆ ಇದು ವರ. ಒಮ್ಮೆ ಮಾತ್ರ ಬರುವ ಪದಕ್ಕೆ ಭಾರ.

ಸ್ಯಾನಿಟಿಯ ಪೋರ್ಟಬಲ್ ಟೆಕ್ಸ್ಟ್ ಕೂಡ ಜೆಸಾನೇ. ಆದರೆ ಇಲ್ಲಿ ಸಾಲಿನ ನಡುವಿನ ಪದವೊಂದಕ್ಕೆ ನಮಗೆ ಬೇಕಾದ ಮಾಹಿತಿಯನ್ನು ಅಂಟಿಸಬಹುದು. ಹಳಗನ್ನಡ ಪದವನ್ನು ಆರಿಸಿ, ಅರ್ಥ ಬರೆದು ಉಳಿಸಿದರೆ ಮುಗಿಯಿತು. ಮೊಬೈಲ್‌ನಲ್ಲಿ ಪದವನ್ನು ಒತ್ತಿದಾಗ ಅರ್ಥ ತೆರೆಯುವಂತೆ ಮಾಡುವುದು ನನ್ನ ಕಾಂಪೊನೆಂಟಿನ ಕೆಲಸ. ಸಾಲುಮುರಿತವನ್ನು ಅದರ ರಿಯಾಕ್ಟ್ ಲೈಬ್ರರಿ ತಾನಾಗಿಯೇ ತೋರಿಸುತ್ತದೆ.

ಜೆಸಾನ್ ರೂಪದ ಇನ್ನೊಂದು ಲಾಭ ನನ್ನ ಮಟ್ಟಿಗೆ ನಿರ್ಣಾಯಕವಾಯಿತು. ಆಯ್ಕೆ ಮಾಡುವಾಗ ಬೆರಳು ಜಾರಿ ‘ಅಕ್ಷರ’ದ ಅರ್ಧ ಮಾತ್ರ ದಪ್ಪಗಾದರೆ, ಒತ್ತಕ್ಷರ ಒಡೆದು ‘ಕ್’ ಮತ್ತು ‘ಷ’ ಬೇರೆ ಬೇರೆಯಾಗಿ ಕಾಣುತ್ತವೆ. ತುಣುಕುಗಳ ಪಟ್ಟಿ ಕೈಯಲ್ಲಿದ್ದರೆ ಪತ್ತೆ ಸುಲಭ: ಒಂದು ತುಣುಕು ‘್’ ಗುರುತಿನಿಂದ ಮುಗಿದು, ಮುಂದಿನದು ನೇರವಾಗಿ ವ್ಯಂಜನದಿಂದ ಶುರುವಾದರೆ ಗಡಿಯನ್ನು ಸರಿಸುತ್ತೇನೆ. ‘ಮೊಬೈಲ್‌ನಲ್ಲಿ’ಯಂಥ ಪದದಲ್ಲಿ ನಡುವೆ ಒತ್ತಕ್ಷರವಾಗದಂತೆ ತಡೆಯುವ ಝಡ್‌ಡಬ್ಲ್ಯುಎನ್‌ಜೆ ಎಂಬ ಅದೃಶ್ಯ ಸಂಕೇತ ಇರುವುದರಿಂದ ಅದನ್ನು ಮುಟ್ಟುವುದಿಲ್ಲ.

ಪುಟ ಯಾವಾಗ ಸಿದ್ಧವಾಗಬೇಕು ಎಂಬುದರಲ್ಲಿ ನನಗೆ ಸಂದೇಹ ಉಳಿದಿಲ್ಲ. ಓದುಗರ ಬ್ರೌಸರ್‌ನಲ್ಲೇ ಎಪಿಐ ಕರೆಯುವ ಕ್ರಮವನ್ನು ಲೇಖನಕ್ಕೆ ಬಳಸಬೇಡಿ. ಜಾವಾಸ್ಕ್ರಿಪ್ಟ್ ಬರುವವರೆಗೆ ಪುಟ ಖಾಲಿ. ಮೊದಲೇ ಪುಟ ಕಟ್ಟಿಟ್ಟು, ಲೇಖನ ಬದಲಾದಾಗ ಸಿಎಂಎಸ್‌ನಿಂದ ತಾನಾಗಿ ಬರುವ ಸೂಚನೆಯ (ವೆಬ್‌ಹುಕ್) ಮೂಲಕ ಆ ಒಂದು ಪುಟವನ್ನಷ್ಟೇ ನವೀಕರಿಸುವುದು ನೆಕ್ಸ್ಟ್‌ನಲ್ಲಿ 2022ರಿಂದ ಸಾಧ್ಯವಿದೆ. ಆದರೆ ನೆಕ್ಸ್ಟ್‌ನ ಪುಟದಲ್ಲಿ ಲೇಖನದ ಪಠ್ಯ ಎಚ್‌ಟಿಎಂಎಲ್ ಆಗಿ ಒಮ್ಮೆ, ಬ್ರೌಸರ್‌ನಲ್ಲಿ ಪುಟಕ್ಕೆ ಜಾವಾಸ್ಕ್ರಿಪ್ಟ್ ಜೋಡಿಸುವ ಹೈಡ್ರೇಷನ್‌ಗಾಗಿ ದತ್ತಾಂಶವಾಗಿ ಇನ್ನೊಮ್ಮೆ ಬರುವುದುಂಟು. ಸಂಕೇತಕ್ಕೆ 3 ಬೈಟ್ ತೆರುವ ಕನ್ನಡಕ್ಕೆ ಈ ಪುನರಾವರ್ತನೆ ಬೇಡ. ಓದುವುದಷ್ಟೇ ಉದ್ದೇಶವಾದರೆ, ಜಾವಾಸ್ಕ್ರಿಪ್ಟ್ ಇಲ್ಲದೆ ಬರಿಯ ಎಚ್‌ಟಿಎಂಎಲ್ ಕಳುಹಿಸುವ, ನೆಕ್ಸ್ಟ್‌ನಂಥದೇ ಸಾಧನವಾದ ಆಸ್ಟ್ರೋ ಉತ್ತಮ.

ನನ್ನ ತಾಣಕ್ಕೆ ಆರಿಸಿಕೊಂಡದ್ದು ಸ್ಯಾನಿಟಿಯನ್ನು. ಈಗಾಗಲೇ ವರ್ಡ್‌ಪ್ರೆಸ್‌ಗೆ ಕೈ ಪಳಗಿದ ಸಂಪಾದಕರಿದ್ದು, ಪದಗಳಿಗೆ ಅರ್ಥ ಕೊಡುವಂಥ ಬೇಡಿಕೆ ಇಲ್ಲದಿದ್ದರೆ ಅಲ್ಲಿಂದ ಕದಲಿಸಲು ನಾನು ಹೇಳುವುದಿಲ್ಲ. ಸ್ಯಾನಿಟಿಯ ಸಂಪಾದನೆಯ ಪರದೆ ಮುಕ್ತ ತಂತ್ರಾಂಶವಾದರೂ ಬರಹಗಳು ಇರುವುದು ಆ ಕಂಪನಿಯ ಸರ್ವರ್‌ನಲ್ಲಿ. ಸಾಹಿತ್ಯ ಸಂಗ್ರಹದ ವಿಷಯದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಅದರ ಎಕ್ಸ್‌ಪೋರ್ಟ್ ಆಜ್ಞೆ ಬರಹ, ಚಿತ್ರ ಎರಡನ್ನೂ ಒಂದೇ ಕಡತವಾಗಿ ಕೊಡುತ್ತದೆ. ಅದನ್ನು ವೇಳಾಪಟ್ಟಿಗೆ ಹಾಕಿ, ಪ್ರತಿಯನ್ನು ನಮ್ಮದೇ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುತ್ತಿದ್ದೇನೆ.