ಮಹಾಪಧಮನಿ ಕಿರಿದಾಗಿದ್ದರೆ: ಆಪರೇಷನ್ನೋ, ಸ್ಟೆಂಟೋ?

ಮಹಾಪಧಮನಿ ಎಂದರೆ ಹೃದಯದಿಂದ ದೇಹಕ್ಕೆಲ್ಲ ರಕ್ತ ಒಯ್ಯುವ ಮುಖ್ಯ ನಾಳ. ಅದು ಕಿರಿದಾಗಿದೆಯೇ ಎಂದು ತಿಳಿಯಲು ಮೊದಲು ಬಿಪಿ. ಬಲಗೈ ಮತ್ತು ಕಾಲು ಎರಡರಲ್ಲೂ ನೋಡಬೇಕು. ಎಡಗೈಯನ್ನು ನಂಬಿದರೆ ಮೋಸಹೋಗಬಹುದು; ಕೆಲವರಲ್ಲಿ ಆ ಕೈಯ ರಕ್ತನಾಳ ಕಿರಿದಾದ ಜಾಗದಿಂದಲೇ ಹೊರಡುತ್ತದೆ. ಕೈಯ ಬಿಪಿಯ ಮೇಲಿನ ಅಂಕಿ ಕಾಲಿನದಕ್ಕಿಂತ 20 ಅಥವಾ ಹೆಚ್ಚಿದ್ದರೆ ದುರಸ್ತಿಯ ಮಾತು ಬರುತ್ತದೆ. ಶಿಶುಗಳಿಗೆ ಸಾಮಾನ್ಯವಾಗಿ ಎಕೋ (ಹೃದಯದ ಅಲ್ಟ್ರಾಸೌಂಡ್) ಸಾಕು. ದೊಡ್ಡವರಿಗೆ ಸಿಟಿ ಇಲ್ಲವೇ ಎಂಆರ್‌ಐ ಬೇಕು.

ನವಜಾತ ಶಿಶುವಾದರೆ ಆಪರೇಷನ್ನೇ ಸರಿ. ಪ್ರೊಸ್ಟಾಗ್ಲಾಂಡಿನ್ ಡ್ರಿಪ್ ಕೊಟ್ಟು ಡಕ್ಟಸ್ (ಹುಟ್ಟುವ ಮುನ್ನ ಮಹಾಪಧಮನಿಯನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸುವ ಕಿರುನಾಳ) ಮುಚ್ಚದಂತೆ ನೋಡಿಕೊಳ್ಳುತ್ತಾರೆ. ಆಮೇಲೆ ಎಡ ಪಕ್ಕೆಲುಬುಗಳ ನಡುವಿನಿಂದ ಹೋಗಿ, ಕಿರಿದಾದ ತುಂಡನ್ನು ಡಕ್ಟಸ್ ಅಂಗಾಂಶದ ಸಮೇತ ಕತ್ತರಿಸಿ, ಕೆಳಗಿನ ತುದಿಯನ್ನು ಕಮಾನಿನ (ಮಹಾಪಧಮನಿ ಬಾಗುವ ಭಾಗದ) ಅಡಿಗೆ ಓರೆಯಾಗಿ ಹೊಲಿಯುತ್ತಾರೆ. ಆ ಅಂಗಾಂಶ ಉಳಿದರೆ ನಾಳ ಮತ್ತೆ ಬಿಗಿಯುತ್ತದೆ. ಎಳೆಗೂಸುಗಳಲ್ಲಿ ಬರೀ ಬಲೂನಿನಿಂದ ಹಿಗ್ಗಿಸಿದ್ದು ಬಾಳದಿರುವುದಕ್ಕೂ ಇದು ಮುಖ್ಯ ಕಾರಣ. ಧ್ವನಿಪೆಟ್ಟಿಗೆಯ ನರ ಪಕ್ಕದಲ್ಲೇ ಇರುತ್ತದೆ. ಆಮೇಲೆ ಮಗುವಿನ ಅಳು ಒಡೆದಂತೆ ಕೇಳಿದರೆ ತಕ್ಷಣ ಹೇಳಿ.

ಸುಮಾರು 25 ಕೆ.ಜಿ. ದಾಟಿದವರಿಗೆ ಸ್ಟೆಂಟ್ (ತೊಡೆಯ ನಾಳದ ಮೂಲಕ ಕಳಿಸಿ ಕಿರಿದಾದ ಜಾಗವನ್ನು ತೆರೆದಿಡುವ ಲೋಹದ ಜಾಲರಿ) ಒಳ್ಳೆಯ ದಾರಿ, ಎದೆ ತೆರೆಯಬೇಕಿಲ್ಲ. ಅದಕ್ಕಿಂತ ಚಿಕ್ಕವರ ತೊಡೆಯ ನಾಳಕ್ಕೆ ದಪ್ಪ ಕೊಳವೆ ಹಿಡಿಸುವುದು ಕಷ್ಟ, ಸ್ಟೆಂಟ್ ತಾನಾಗಿ ಬೆಳೆಯುವುದೂ ಇಲ್ಲ. ಕಮಾನೇ ಕಿರಿದಾಗಿದ್ದರೆ ನಮ್ಮ ಒಲವು ಆಪರೇಷನ್ ಕಡೆಗೆ. ಯಾವುದೇ ಆದರೂ ನಾಳದ ಗೋಡೆ ಉಬ್ಬಿದೆಯೇ ಎಂದು ವರ್ಷಗಳ ನಂತರವೂ ಸ್ಕ್ಯಾನ್ ಮಾಡಿಸಬೇಕು. ಕೆಲವರಿಗೆ ಬಿಪಿ ಮಾತ್ರೆ ಮುಂದುವರಿಯುತ್ತದೆ.